ಹೊಡೆದು ಬಾ

ನನ್ನ ಮಗಳು ಇನ್ನೊಬ್ಬಳ ಮಗಳ ಬಾಯಿಗೆ ಚಪ್ಪಲಿ ಕೊಟ್ಟಳು. ಶಾಲೆಯ ಅಂಗಳದಲ್ಲಿ, ಊಟದ ಬಿಡುವಿನಲ್ಲಿ, ಎಲ್ಲರೂ ನೋಡುತ್ತಿರುವಾಗ. ಹಲ್ಲಲ್ಲಿ ಕಚ್ಚಿಕೊಂಡು, ಮಂಡಿಯಲ್ಲಿ ತೆವಳುತ್ತಾ, ನಲ್ಲಿಯಿಂದ ಗೇಟಿನವರೆಗೆ ಹೋಗು ಅಂದಳು. ಆ ಹುಡುಗಿ ಹೋದಳು. ನನ್ನ ಮಗಳಿಗೆ ಹದಿನಾಲ್ಕು. ಆ ಹುಡುಗಿಗೆ ಹನ್ನೆರಡು.

ಇದಕ್ಕೆ ತಪ್ಪಿತಸ್ಥರು ಬೇಕಾದಷ್ಟು ಜನ ಇದ್ದಾರೆ. ಅವರು ಯಾರು ಅಂತಲೂ ಹೇಳುತ್ತೇನೆ. ಆದರೆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವಳು ನಾನು.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವವಳು. ನೆಲಮಾಳಿಗೆಯಲ್ಲಿ ನಮ್ಮ ಕೋಣೆ. ಕಿಟಕಿ ಇಲ್ಲ. ಮೇಲಿನ ವಾರ್ಡುಗಳಿಂದ ಹಾಸಿಗೆ ಬಟ್ಟೆಗಳು ಗಂಟುಗಟ್ಟಿ ಬಂದು ಬೀಳುತ್ತವೆ. ಒಂದೊಂದನ್ನೂ ಬಿಡಿಸಿ ಕೊಡವಬೇಕು. ಒಳಗೆ ಸೂಜಿ ಇರುತ್ತದೆ, ಬ್ಲೇಡು ಇರುತ್ತದೆ, ಒಮ್ಮೆ ಒಂದು ಹಲ್ಲು ಸಿಕ್ಕಿತ್ತು. ಮಲದ್ದು ಬೇರೆ, ರಕ್ತದ್ದು ಬೇರೆ. ರಕ್ತಕ್ಕೆ ತಣ್ಣೀರು. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಬ್ಲೀಚಿನ ನೀರಿನಲ್ಲಿ ಹನ್ನೊಂದು ವರ್ಷ ಅದ್ದಿದ ಕೈ ನನ್ನದು. ಎರಡು ಉಗುರು ಬಿದ್ದುಹೋಗಿವೆ, ಮತ್ತೆ ಬರಲಿಲ್ಲ.

ಒಣಗಿದ ಬಟ್ಟೆ ಇಸ್ತ್ರಿ ಅಕ್ಕನ ಕೈಗೆ ಹೋಗುತ್ತದೆ. ಅವಳದು ಬಿಸಿ ಉರುಳೆಯ ಇಸ್ತ್ರಿ ಯಂತ್ರ. ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಗೆರೆಗಳು, ಏಣಿಯ ಮೆಟ್ಟಿಲಿನಂತೆ. ನಮ್ಮ ಓಣಿಯಲ್ಲೇ ಅವಳ ಮನೆ, ನಮ್ಮದರಿಂದ ಮೂರನೇ ಬಾಗಿಲು. ಗಂಡ ಇಲ್ಲ. ಒಬ್ಬಳೇ ಮಗಳು. ಆ ಹುಡುಗಿಯನ್ನು ಎಲ್ಲರೂ ಗುಬ್ಬಿ ಅನ್ನುತ್ತಿದ್ದರು. ಅಷ್ಟೇ ಗಾತ್ರ, ಅಷ್ಟೇ ಸದ್ದು.

ನನ್ನ ಮಗಳು ಚಪ್ಪಲಿ ಕೊಟ್ಟಿದ್ದು ಆ ಗುಬ್ಬಿಯ ಬಾಯಿಗೆ.

ನಮ್ಮ ಓಣಿಗೆ ಒಂದೇ ಬಾಯಿ. ಇನ್ನೊಂದು ತುದಿಯಲ್ಲಿ ಗೋದಾಮಿನ ಗೋಡೆ. ಆ ಬಾಯಲ್ಲಿ ಒಬ್ಬ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಬೆಳಿಗ್ಗೆಯಿಂದ ಕೂತಿರುತ್ತಾನೆ. ಸುತ್ತ ಮೂರು ನಾಲ್ಕು ಜನ ನಿಂತಿರುತ್ತಾರೆ. ಅವನನ್ನು ನಾವು ಕುರ್ಚಿಯವನು ಅನ್ನುತ್ತೇವೆ, ಅದೂ ಮನೆಯೊಳಗೆ, ಮೆಲ್ಲಗೆ. ಅವನ ಮುಂದೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗಬೇಕು. ಜೋರಾಗಿ ನಗಬಾರದು. ಯಾರು ಮಾಡಿದ ಕಾನೂನೋ. ಮಗಳು ಆರು ವರ್ಷದವಳಿದ್ದಾಗ ಅಲ್ಲೇ ಒಬ್ಬನನ್ನು ಕಡಿದು ಹಾಕಿದರು. ನಾವೆಲ್ಲ ಬಾಗಿಲು ಹಾಕಿಕೊಂಡೆವು. ಪೊಲೀಸರು ಬಂದು ಹತ್ತಿರದಲ್ಲಿ ಸಿಕ್ಕಿದವರನ್ನು ಎತ್ತಿಕೊಂಡು ಹೋದರು. ಕುರ್ಚಿಯನ್ನು ಮುಟ್ಟಲಿಲ್ಲ. ಮಾರನೆಯ ದಿನ ಅವಳು ಆ ಕಲೆಯನ್ನು ದಾಟಿಕೊಂಡು ಶಾಲೆಗೆ ಹೋದಳು. "ಅಮ್ಮ, ಇದು ಹೋಗಲ್ವಾ?" ಅಂತ ಕೇಳಿದಳು. "ಬಾಯಿ ಮುಚ್ಚಿಕೊಂಡು ನಡಿ" ಅಂದೆ.

ಹತ್ತು ವರ್ಷವಾದಾಗ ಒಂದು ದಿನ ಅವಳು ಹರಿದ ತೋಳು, ಪರಚಿದ ಮುಖ ಹೊತ್ತುಕೊಂಡು ಬಂದಳು. ನಾನಾಗಲೇ ಕೆಲಸ ಮುಗಿಸಿ ಬಂದಿದ್ದೆ. ಬೆನ್ನು ನೆಟ್ಟಗೆ ಮಾಡಲಾಗುತ್ತಿರಲಿಲ್ಲ.

"ಯಾರು?"

"ಮೂರು ಜನ ಇದ್ರು ಅಮ್ಮ."

"ನೀನೇನು ಮಾಡಿದೆ?"

"ಓಡಿ ಬಂದೆ."

ನಾನು ಅವಳನ್ನು ಅಪ್ಪಿಕೊಳ್ಳಲಿಲ್ಲ. ರಟ್ಟೆ ಹಿಡಿದು ಹೊರಗೆ ತಳ್ಳಿದೆ. ಚಿಲಕ ಹಾಕಿದೆ. "ಹೊಡೆದು ಬಾ. ಹೊಡೆಸಿಕೊಂಡು ಬರೋರಿಗೆ ಈ ಮನೇಲಿ ಜಾಗ ಇಲ್ಲ" ಅಂದೆ. ಅವಳು ಬಾಗಿಲು ಬಡಿದಳು. ಅಮ್ಮಾ ಅಮ್ಮಾ ಅಂದಳು. ನಾನು ಒಳಗೆ ನಿಂತು ಕೇಳಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಒಂದು ಗಂಟೆ ಬಿಟ್ಟು ಬಂದಾಗ ಅವಳ ಬೆರಳುಗಳಲ್ಲಿ ರಕ್ತವಿತ್ತು. ಅವಳದಲ್ಲ. ನಾನು ಅವಳ ಕೈ ತೊಳೆದೆ. ಬಿಸಿಬಿಸಿ ಊಟ ಬಡಿಸಿದೆ. ಎರಡನೇ ಸಲ ಕೇಳದೆಯೇ ಬಡಿಸಿದೆ.

ಅಂದಿನಿಂದ ಅವಳ ಮೈ ಮುಟ್ಟುವ ಧೈರ್ಯ ಯಾರೂ ಮಾಡಲಿಲ್ಲ. ಬೇರೆ ಮಕ್ಕಳು ಅವಳಿಗೆ ದಾರಿ ಬಿಡುತ್ತಾರೆ ಅಂತ ಕೇಳಿದಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ನಮಗೆ ದಾರಿ ಬಿಟ್ಟವರು ಯಾರಿದ್ದರು?

ನನ್ನ ಗಂಡ ಗೋದಾಮಿನಲ್ಲಿ ಮೂಟೆ ಹೊರುವವನು. ಕಳೆದ ವರ್ಷ ಮೂಟೆಯೊಂದು ಜಾರಿ ಮಂಡಿಯ ಮೇಲೆ ಬಿತ್ತು. ಮಂಡಿ ಗಡಿಗೆಯಷ್ಟು ಊದಿಕೊಂಡಿತು. ಆದರೂ ಕೆಲಸಕ್ಕೆ ಹೋದ. ಸಂಜೆ ಸೈಕಲ್ ಮೇಲೆ ಬರುವಾಗ ಕುರ್ಚಿಯ ಮುಂದೆ ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಲಾಗುವುದಿಲ್ಲ ಅಂತ. ಅಷ್ಟೇ ಕಾರಣ.

ಅವನನ್ನು ಎಳೆದು ಕೆಡವಿದರು. ಅವನದೇ ಚಪ್ಪಲಿ ಅವನ ಬಾಯಿಗೆ ಕೊಟ್ಟರು. ಕಚ್ಚಿಕೊಂಡು ಮನೆಯವರೆಗೆ ತೆವಳು ಅಂದರು. ಆ ಊದಿದ ಮಂಡಿಯಲ್ಲಿ ತೆವಳಿದ. ಓಣಿಯ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವಂತೆ. ನಾನು ಕೆಲಸದಲ್ಲಿದ್ದೆ. ಮಗಳು ನಮ್ಮ ಬಾಗಿಲಲ್ಲಿ ನಿಂತಿದ್ದಳು. ನಮ್ಮದು ಬಿಟ್ಟರೆ ತೆರೆದಿದ್ದು ಒಂದೇ ಒಂದು ಬಾಗಿಲು, ಇಸ್ತ್ರಿ ಅಕ್ಕನದು. ಆ ದಿನ ಅವಳಿಗೆ ರಜೆ. ಅವಳು ಒಂದು ಚೊಂಬು ನೀರು ಹಿಡಿದುಕೊಂಡು ಎಲ್ಲರ ಮುಂದೆ ನಡೆದು ಬಂದಳು. ಅವನ ಬಾಯಿ ತೊಳೆಸಿದಳು. ಹಿಂದೆ ಗುಬ್ಬಿ ನಿಂತಿತ್ತು, ಬಟ್ಟೆ ಹಿಡಿದುಕೊಂಡು.

ಠಾಣೆಗೆ ಹೋದೆವು. ಅಲ್ಲಿದ್ದವನು ಕೇಳಿದ: "ಚಪ್ಪಲಿ ಯಾರದು?"

"ನನ್ನದೇ" ಅಂದ ನನ್ನ ಗಂಡ.

"ನಿನ್ನ ಚಪ್ಪಲಿ, ನಿನ್ನ ಬಾಯಿ. ಮಧ್ಯೆ ನಮಗೇನು ಕೆಲಸ?" ಅಂದ. ಪಕ್ಕದವನು ನಕ್ಕ. ನಾವು ವಾಪಸು ಬಂದೆವು. ಬರುವಾಗ ಕುರ್ಚಿಯ ಮುಂದೆಯೇ ಬಂದೆವು. ಬೇರೆ ದಾರಿ ಎಲ್ಲಿದೆ?

ಮನೆಗೆ ಬಂದು ಅವನು ಮಗಳನ್ನು ಹೊಡೆದ. "ನೋಡ್ತಾ ನಿಂತಿದ್ದೆಯಾ? ನಿನಗೆ ತಮಾಷೆಯಾ?" ಅಂತ ಅದೇ ಚಪ್ಪಲಿಯಲ್ಲಿ ಹೊಡೆದ. ಅವಳು ತುಟಿಪಿಟಕ್ಕೆನ್ನಲಿಲ್ಲ. ನಾನು ಬಿಡಿಸಲಿಲ್ಲ. ಗಂಡಸಿನ ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ, ಇವಳ ಬೆನ್ನ ಮೇಲೆ ಇಳಿಯಲಿ, ಇವಳು ಗಟ್ಟಿ ಅಂದುಕೊಂಡೆ. ಅಂದುಕೊಂಡವಳು ನಾನೇ. ಆಮೇಲೆ ಅವನಿಗೆ ಅದು ಚಟವಾಯಿತು. ಮನೆಯಲ್ಲಿ ಆ ದಿನದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಶಾಲೆಯಿಂದ ಫೋನು ಬಂದದ್ದು ಒಗೆಯುವ ಕೋಣೆಯ ಮೇಸ್ತ್ರಿಗೆ. ನನ್ನನ್ನೂ ಇಸ್ತ್ರಿ ಅಕ್ಕನನ್ನೂ ಒಟ್ಟಿಗೇ ಕರೆಸಿದ್ದರು. ಯಾಕೆ ಅಂತ ಹೇಳಿರಲಿಲ್ಲ. ಇಬ್ಬರೂ ಒದ್ದೆ ಸೀರೆಯಲ್ಲೇ ಹೊರಟೆವು.

"ಇಬ್ಬರಿಗೂ ಬಹುಮಾನ ಕೊಡ್ತಾರೇನೋ" ಅಂದೆ.

"ನಿನ್ನ ಮಗಳು ಓಟದಲ್ಲಿ ಗೆದ್ದಿರ್ತಾಳೆ. ನನ್ನ ಗುಬ್ಬಿ ಚಪ್ಪಾಳೆ ತಟ್ಟಿದ್ದಕ್ಕೆ ಬಹುಮಾನ" ಅಂದಳು ಅಕ್ಕ. ದಾರಿಯುದ್ದಕ್ಕೂ ನಕ್ಕೆವು. ಅವಳು ನನ್ನ ಜೊತೆ ನಕ್ಕಿದ್ದು ಅದೇ ಕೊನೆ.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಗುಬ್ಬಿ ಮೂಲೆಯ ಸ್ಟೂಲಿನ ಮೇಲೆ ಕೂತಿತ್ತು. ತುಟಿ ಒಡೆದಿತ್ತು. ಮಂಡಿಯ ಚರ್ಮ ಕಿತ್ತುಬಂದಿತ್ತು. ಬಾಯಿ ಮುಚ್ಚಲಾಗದೆ ಅರ್ಧ ತೆರೆದುಕೊಂಡೇ ಕೂತಿತ್ತು. ಎದುರು ಗೋಡೆಗೆ ನನ್ನ ಮಗಳು ನಿಂತಿದ್ದಳು, ಕೈ ಕಟ್ಟಿಕೊಂಡು, ಗಲ್ಲ ಎತ್ತಿಕೊಂಡು. ಕಿಟಕಿಯಲ್ಲಿ ಮಕ್ಕಳ ತಲೆಗಳು ತುಂಬಿದ್ದವು.

ಮುಖ್ಯೋಪಾಧ್ಯಾಯಿನಿ ನಡೆದದ್ದನ್ನು ಹೇಳಿದರು. ಚಪ್ಪಲಿ ಅಂದಾಗ, ಮಂಡಿ ಅಂದಾಗ, ಅದು ಎಲ್ಲಿಂದ ಬಂತು ಅಂತ ನನಗೆ ತಿಳಿಯಿತು. ಇಸ್ತ್ರಿ ಅಕ್ಕ ನನ್ನ ಕಡೆ ತಿರುಗಿದಳು. ಆಮೇಲೆ ತನ್ನ ಮಗಳ ಹತ್ತಿರ ಹೋಗಿ ಕೂತು ಸೆರಗಿನಿಂದ ಮಂಡಿ ಒರೆಸಿದಳು.

"ಯಾಕೆ ಮಾಡಿದೆ?" ಅಂತ ನಾನು ಕೇಳಿದೆ.

"ಅವಳು ಎಲ್ಲರ ಮುಂದೆ ಕೇಳಿದ್ಲು."

"ಏನು ಕೇಳಿದ್ಲು?"

"ನಿಮ್ಮಪ್ಪಂಗೆ ಮಂಡಿ ವಾಸಿ ಆಯ್ತಾ ಅಂತ."

ಅಷ್ಟೇ. ಆ ಮಗು ಕನಿಕರದಿಂದ ಕೇಳಿತ್ತು.

ಮುಖ್ಯೋಪಾಧ್ಯಾಯಿನಿ ಮೇಜಿನ ಖಾನೆಯಿಂದ ಬೆತ್ತ ತೆಗೆದು ನನ್ನ ಮುಂದಿಟ್ಟರು. "ನಾನು ಹೊಡೆದ್ರೆ ನಾಳೆ ನೀವೇ ಗಲಾಟೆಗೆ ಬರ್ತೀರ. ಅದಕ್ಕೆ ನೀವೇ ಹೊಡೀರಿ. ಇಲ್ಲಿ ಬೇಡ, ಅಂಗಳದಲ್ಲಿ, ಮಕ್ಕಳೆಲ್ಲ ನೋಡ್ಲಿ. ಹೊಡೆದ್ರೆ ಶಾಲೇಲಿ ಇಟ್ಕೋತೀನಿ. ಇಲ್ಲಾಂದ್ರೆ ಹೆಸರು ತೆಗೀತೀನಿ. ನಿಮ್ಮ ಓಣಿಯವರಿಗೆ ಬೇರೆ ಯಾವ ಭಾಷೆ ಅರ್ಥ ಆಗುತ್ತೆ ಹೇಳಿ?"

ಬೆತ್ತ ತೆಗೆದುಕೊಂಡೆ. ನಿಜ ಹೇಳುತ್ತೇನೆ, ಹೊಡೆಯಲೆಂದೇ ತೆಗೆದುಕೊಂಡೆ. ನನ್ನ ಕೈ ಅಷ್ಟು ಉರಿಯುತ್ತಿತ್ತು. ಮಗಳು ನನಗಿಂತ ಮೊದಲೇ ಅಂಗಳಕ್ಕೆ ಹೋದಳು. ನಡುವೆ ನಿಂತಳು. ಯಾರೂ ಹೇಳದೆಯೇ ಬೆನ್ನು ತಿರುಗಿಸಿದಳು. ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು, ಏಟಿಗೆ ಅಡ್ಡ ಬಾರದಿರಲಿ ಅಂತ. ಎಷ್ಟು ಅಭ್ಯಾಸ ಅವಳಿಗೆ!

"ಹೊಡಿ ಅಮ್ಮ. ಬೇಗ ಹೊಡೆದು ಹೋಗು" ಅಂದಳು.

ನಾನು ಸುತ್ತ ನೋಡಿದೆ. ಮುನ್ನೂರು ಮಕ್ಕಳು ಗೋಡೆಗಂಟಿ ನಿಂತಿದ್ದವು. ಕಣ್ಣರಳಿಸಿಕೊಂಡು ನೋಡುತ್ತಿದ್ದವು. ನಾಳೆ ಇವರಲ್ಲಿ ಯಾರು ಯಾರನ್ನು ಹೀಗೆ ನಿಲ್ಲಿಸುತ್ತಾರೋ. ನಮ್ಮ ಓಣಿಯೇ ಇಲ್ಲಿ ಬಂದು ನಿಂತಂತಿತ್ತು. ಕುರ್ಚಿ ಒಂದು ಕಡಿಮೆ. ಆ ಕುರ್ಚಿಯಲ್ಲಿ ನನ್ನನ್ನು ಕೂರಿಸುತ್ತಿದ್ದರು.

ಬೆತ್ತ ಕೆಳಗೆ ಹಾಕಿದೆ.

"ಹೊಡೆಯಲ್ಲ" ಅಂದೆ.

"ಏನಂದ್ರಿ?"

"ಹೊಡೆಯಲ್ಲ. ಇದನ್ನ ಅವಳಿಗೆ ಕಲಿಸಿದ್ದೇ ನಾವು. ನಾನು ಚಿಲಕ ಹಾಕಿ ಕಲಿಸಿದೆ. ಅವರಪ್ಪ ಬೆನ್ನ ಮೇಲೆ ಕಲಿಸಿದ. ಓಣಿ ದಿನಾ ಕಲಿಸುತ್ತೆ. ಈಗ ನೀವೂ ಇನ್ನೊಂದು ಪಾಠ ಸೇರಿಸ್ತಿದ್ದೀರ. ಗುಬ್ಬಿ ಹತ್ತಿರ ನಾನು ಕ್ಷಮೆ ಕೇಳ್ತೀನಿ, ಇವಳೂ ಕೇಳ್ತಾಳೆ. ಹೊಡೆಯಲ್ಲ."

"ಕಥೆ ಹೇಳ್ಬೇಡಿ" ಅಂದರು ಅವರು. ಒಳಗೆ ಹೋಗಿ ಕಾಗದ ಬರೆದರು, ಮೊಹರು ಒತ್ತಿದರು. ಐದು ನಿಮಿಷವೂ ಹಿಡಿಯಲಿಲ್ಲ. ಆ ಶಾಲೆಗೆ ಸೇರಿಸಲು ನಾನು ಎಂಟು ದಿನ ಬಾಗಿಲು ಕಾದಿದ್ದೆ.

ಮನೆಗೆ ಹೋಗುವಾಗ ಮಗಳು ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ನಡೆದಳು. ನಾನು ಯಾಕೆ ಹೊಡೆಯಲಿಲ್ಲ ಅನ್ನುವುದು ಅವಳಿಗೆ ತಿಳಿಯಲಿಲ್ಲ. ಹೊಡೆದಿದ್ದರೆ ಲೆಕ್ಕ ಮುಗಿಯುತ್ತಿತ್ತು. ಈಗ ಅವಳಿಗೆ ಏನು ಮಾಡಬೇಕೋ ಗೊತ್ತಾಗುತ್ತಿರಲಿಲ್ಲ.

ಸುದ್ದಿ ನಮಗಿಂತ ಮೊದಲೇ ಓಣಿ ಮುಟ್ಟಿತ್ತು. ಕುರ್ಚಿಯವನು ಕೂತಲ್ಲಿಂದಲೇ ಕೈ ತಟ್ಟಿದ.

"ಭಲೇ ಹುಡುಗಿ! ಕಡ್ಡಿ ಥರ ಇದ್ದಾಳೆ ಅಂದ್ಕೊಂಡಿದ್ದೆ. ಇವಳು ಬೆಂಕಿಕಡ್ಡಿ ಕಣ್ರೋ! ಶಾಲೆ ಬೇಡ ಅಂದ್ರಂತಲ್ಲ? ಬಿಡು. ನಾವಿದ್ದೀವಿ. ನಾಳೆಯಿಂದ ಬಂದು ಇಲ್ಲಿ ನಿಂತ್ಕೊ. ನಿನ್ನಂಥವರು ಬೇಕು ನನಗೆ."

ನಾನು ಮಗಳ ಮುಖ ನೋಡಿದೆ. ಅವಳ ಕೆನ್ನೆ ಕೆಂಪಾಗಿತ್ತು. ತುಟಿಯ ತುದಿ ಸ್ವಲ್ಪ ಮೇಲಕ್ಕೆ ಹೋಗಿತ್ತು. ಭೇಷ್ ಅಂತ ಅವಳಿಗೆ ಯಾರಾದರೂ ಅಂದದ್ದು ಅದೇ ಮೊದಲು. ಹದಿನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಅಂದಿರಲಿಲ್ಲ. ಬೆತ್ತ ಹಿಡಿದಾಗಲೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ. ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋದೆ.

ಗಂಡ ಬಾಗಿಲಲ್ಲೇ ಕಾಯುತ್ತಿದ್ದ. ಕೈಯಲ್ಲಿ ಬೆಲ್ಟು ಇತ್ತು. ಅವನು ಕೈ ಎತ್ತಿದಾಗ ನಾನು ನಡುವೆ ಹೋದೆ. ಮೊದಲ ಏಟು ನನ್ನ ಭುಜಕ್ಕೆ ಬಿತ್ತು.

"ಅಡ್ಡ ಬರ್ಬೇಡ!"

"ಬರ್ತೀನಿ. ಇಷ್ಟು ದಿನ ಬರದೆ ಇದ್ದದ್ದೇ ತಪ್ಪು."

"ನನ್ನ ಮಾನ ತೆಗೆದಳು ಇವಳು."

"ನಿನ್ನ ಮಾನ ತೆಗೆದವನು ಅಲ್ಲಿ ಕೂತಿದ್ದಾನೆ. ಅವನ ಮುಂದೆ ನಿನ್ನ ಕೈಯೂ ಏಳಲ್ಲ, ನನ್ನದೂ ಏಳಲ್ಲ. ಇವಳ ಮುಂದೆ ಇಬ್ಬರದೂ ಏಳುತ್ತೆ."

ಅವನು ನನ್ನನ್ನು ಕೊಂದೇಬಿಡುತ್ತಾನೆ ಅಂದುಕೊಂಡೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಮಗಳ ದನಿ ಬಂತು.

"ಅಪ್ಪ, ನೀನು ಅವತ್ತು ಯಾಕೆ ಕಚ್ಚಿಕೊಂಡೆ?"

ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ಆಡದ ಮಾತು. ಅವನು ಹೊಸ್ತಿಲ ಮೇಲೆ ಕುಸಿದ. ಬೆಲ್ಟನ್ನು ಕೈಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

"ಆಗಲ್ಲ ಅಂದೆ" ಅಂದ. "ಎರಡು ಸಲ ಅಂದೆ. ಮಂಡಿ ಮೇಲೆ ಒದ್ರು, ಆದ್ರೂ ಆಗಲ್ಲ ಅಂದೆ. ಆಮೇಲೆ ಆ ಕುರ್ಚಿಯವನು ನಮ್ಮ ಬಾಗಿಲ ಕಡೆ ನೋಡ್ದ. ಅಲ್ಲಿ ನಿಂತಿದ್ದಾಳಲ್ಲ, ಅವಳ ಬಾಯಿಗೆ ಕೊಡೋಣ್ವಾ ಅಂದ. ಕಚ್ಚಿಕೊಂಡೆ."

ಇದು ನನಗೂ ಗೊತ್ತಿರಲಿಲ್ಲ.

"ಮತ್ತೆ ನನಗ್ಯಾಕೆ ಹೊಡೆದೆ?"

ಅವನು ಮಂಡಿಯ ಮೇಲೆ ಕೈ ಇಟ್ಟುಕೊಂಡ. "ನೀನು ನೋಡಿಬಿಟ್ಟಿದ್ದೆ. ನಿನ್ನ ಕಣ್ಣಲ್ಲಿ ಅದು ಕಾಣ್ತಾನೇ ಇತ್ತು. ಅಳಿಸಿ ಹಾಕ್ಬೇಕು ಅನ್ನಿಸ್ತು" ಅಂದ.

ಮಗಳು ಹಿತ್ತಲಿಗೆ ಓಡಿ ಹೋಗಿ ವಾಂತಿ ಮಾಡಿಕೊಂಡಳು. ನಾನು ಹಿಂದೆಯೇ ಹೋಗಿ ಹಣೆ ಹಿಡಿದುಕೊಂಡೆ. "ಅವತ್ತು ಗುಬ್ಬೀನೂ ನೋಡಿದ್ಲು ಅಮ್ಮ. ಅವಳ ಕಣ್ಣಲ್ಲೂ ಕಾಣ್ತಿತ್ತು" ಅಂದಳು. ನಾಲ್ಕು ವರ್ಷದ ಹಿಂದೆ ಬಾಗಿಲ ಹೊರಗೆ ನಿಲ್ಲಿಸಿದಾಗ ಅತ್ತವಳು, ಮತ್ತೆ ಅತ್ತದ್ದು ಅವತ್ತೇ. ಅವಳ ಅಪ್ಪ ಒಳಗೆ ಬಂದು ಬೆಲ್ಟನ್ನು ಪ್ಯಾಂಟಿಗೆ ಹಾಕಿಕೊಂಡ. ಅವನು ಬದಲಾದ ಅಂತ ಹೇಳಲಾರೆ. ಅವತ್ತು ಹೊಡೆಯಲಿಲ್ಲ. ಅಷ್ಟು ಹೇಳಬಲ್ಲೆ.

ಮಾರನೆಯ ದಿನ ಅವಳನ್ನು ಮನೆಯಲ್ಲಿ ಬಿಡುವ ಧೈರ್ಯವಾಗಲಿಲ್ಲ. ಬಿಟ್ಟರೆ ಕುರ್ಚಿಯ ಪಕ್ಕ ಹೋಗಿ ನಿಲ್ಲುತ್ತಾಳೆ ಅನ್ನುವ ಭಯ. ನನ್ನ ಜೊತೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೇಸ್ತ್ರಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಕೈ ಉದ್ದ ಇದೆ. ಬಟ್ಟೆ ಮಡಚಲಿ" ಅಂದ. ಓದಬೇಕಾದ ಮಗು. ಬ್ಲೀಚಿನ ವಾಸನೆಗೆ ಅವಳ ಕಣ್ಣಲ್ಲಿ ನೀರು ಸುರಿಯಿತು. ಎರಡು ದಿನಕ್ಕೇ ಬೆರಳ ಸಂದುಗಳು ಬಿರಿದವು.

ಹಾಸಿಗೆ ಬಟ್ಟೆ ಮಡಚಲು ಇಬ್ಬರು ಬೇಕು. ಮೇಸ್ತ್ರಿ ಅವಳನ್ನು ಇಸ್ತ್ರಿ ಅಕ್ಕನ ಎದುರಿಗೆ ನಿಲ್ಲಿಸಿದ. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅಕ್ಕನ ಕೈಯಲ್ಲಿ. ಒಂದೊಂದು ಮಡಿಕೆಗೂ ಇಬ್ಬರೂ ಹತ್ತಿರ ಬರಬೇಕು. ಮೂವತ್ತು, ನಲವತ್ತು ಬಟ್ಟೆ ಹಾಗೆ ಮಡಚಿದರು. ಅಕ್ಕ ಅವಳ ಮುಖ ನೋಡಲಿಲ್ಲ. ಕೊನೆಗೆ ಮಗಳೇ ಅಂದಳು:

"ತಪ್ಪಾಯ್ತು ಅತ್ತೆ."

ಅಕ್ಕ ಬಟ್ಟೆಯನ್ನು ಅವಳ ಕೈಯಿಂದ ಎಳೆದುಕೊಂಡಳು. "ನನ್ನ ಬಾಯಿಗೆ ಕೊಟ್ಟೆಯಾ? ಕೊಟ್ಟಿದ್ದು ಯಾರಿಗೋ ಅವಳ ಹತ್ತಿರ ಹೇಳು."

ಆಮೇಲೆ ನನ್ನ ಕಡೆ ತಿರುಗಿದಳು. "ನನ್ನ ಗುಬ್ಬಿ ಆ ಅಂಗಳ ದಾಟಲ್ಲ ಅಂತಾಳೆ. ಶಾಲೆ ಹೆಸರು ಎತ್ತಿದ್ರೆ ನಡುಗ್ತಾಳೆ. ನಿನ್ನ ಮಗಳ ಹೆಸರು ಅವರು ತೆಗೆದ್ರು. ನನ್ನ ಮಗಳ ಹೆಸರು ಅಲ್ಲೇ ಇದೆ, ಅವಳೇ ಇಲ್ಲ. ನೀರು ತಂದಿದ್ದಕ್ಕೆ ಇದು ನನಗೆ ಬಂದ ಮರ್ಯಾದೆ."

ಅಷ್ಟು ಹೇಳಿ ಅಕ್ಕ ಆ ಬಟ್ಟೆಯನ್ನು ಒಬ್ಬಳೇ ಮಡಚಿಕೊಂಡಳು.

ಅವತ್ತು ಸಂಜೆ ಮಗಳು ಗುಬ್ಬಿಯ ಬಾಗಿಲಿಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಬಾಗಿಲು ತೆರೆಯಲಿಲ್ಲ. ಮರುದಿನವೂ ಹೋದಳು. ಅದರ ಮರುದಿನವೂ. ಹೋಗು ಅಂತ ನಾನು ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ತೆರೆಯಿರಿ ಅಂತ ಕೇಳುವ ಹಕ್ಕು ನಮಗೆಲ್ಲಿದೆ? ಕೆಲಸದಿಂದ ಬರುವಾಗ ಕುರ್ಚಿಯವನು ದಿನವೂ ಕೂಗುತ್ತಿದ್ದ. "ಏನಮ್ಮ ಬೆಂಕಿಕಡ್ಡಿ, ಹೆಣದ ಬಟ್ಟೆ ಮಡಚೋದು ಸಾಕಾಗಲಿಲ್ವಾ? ಬಾ ಇಲ್ಲಿ." ಅವಳು ತಲೆ ಎತ್ತದೆ ನಡೆಯುತ್ತಿದ್ದಳು. ನಾನು ಅವಳ ಕೈ ಬಿಡುತ್ತಿರಲಿಲ್ಲ. "ಬರ್ತಾಳೆ ಬಿಡ್ರೋ" ಅನ್ನುತ್ತಿದ್ದ ಅವನು, ಬೆನ್ನ ಹಿಂದೆ. "ಇನ್ನೆಲ್ಲಿಗೆ ಹೋಗ್ತಾಳೆ?" ಆ ಮಾತು ನನ್ನನ್ನು ಮನೆಯೊಳಗೂ ಬಿಡುತ್ತಿರಲಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ ಅನ್ನುವುದೇ ನನ್ನ ಸಂಕಟ.

ಆರನೆಯ ಸಂಜೆ ನಾನು ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗುಬ್ಬಿಯ ಬಾಗಿಲು ಒಂದು ಗೇಣು ತೆರೆಯಿತು. ಮಗಳು ಎದ್ದು ನಿಂತಳು. ಏನೋ ಅಂದಳು, ನನಗೆ ಕೇಳಿಸಲಿಲ್ಲ. ಒಳಗಿನಿಂದ ಬಂದ ಮಾತು ಮಾತ್ರ ಇಡೀ ಓಣಿಗೆ ಕೇಳಿಸಿತು. ಆ ಹುಡುಗಿಗೆ ಅಷ್ಟು ದೊಡ್ಡ ದನಿ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ.

"ಹೋಗು! ನನಗೆ ನಿನ್ನ ಕ್ಷಮೆ ಬೇಡ. ನಮ್ಮ ಮೆಟ್ಟಿಲು ಬಿಟ್ಟು ಹೋಗು!"

ಕುರ್ಚಿಯ ಬಳಿ ನಿಂತಿದ್ದವರು ಇತ್ತ ತಿರುಗಿದರು. ಓಣಿಯ ಮಕ್ಕಳು ಆಟ ನಿಲ್ಲಿಸಿ ನೋಡಿದವು. ಎಲ್ಲರಿಗೂ ಗೊತ್ತು ನನ್ನ ಮಗಳ ಕೈ ಎಂಥದು ಅಂತ. ಎಲ್ಲರೂ ಅದಕ್ಕಾಗಿ ಕಾದರು. ನಾನೂ ಕಾದೆ.

ಅವಳು ಮೆಟ್ಟಿಲಿಳಿದು, ಮೂರು ಬಾಗಿಲು ದಾಟಿ ನನ್ನ ಹತ್ತಿರ ಬಂದಳು.

"ಬೇಡ ಅಂದ್ಲು" ಅಂದಳು.

"ಕೇಳಿಸ್ತು. ನೀನೇನು ಮಾಡಿದೆ?"

"ಬಂದೆ."

ನಾನು ಅವಳಿಗೆ ದಾರಿ ಬಿಟ್ಟು ಬಾಗಿಲು ಪೂರ್ತಿ ತೆರೆದೆ.